ಶಾರ್ಟ್‌ಹಾರ್ನ್ ದನ ಸಾಕಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಕಡೆಯವನು. ಮನೆಯಲ್ಲಿ ಹಳ್ಳಿಕಾರ್ ಎತ್ತು ಕಟ್ಟಿ ಬೆಳೆದವನು. ಈಗ ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ ಬೀಫ್ ಶಾರ್ಟ್‌ಹಾರ್ನ್ ಮಂದೆ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಊರಿನಿಂದ ಫೋನ್ ಮಾಡುವವರು, ಇಲ್ಲಿಗೆ ಓದಲು ಬಂದ ಹುಡುಗರು, ಆಸ್ಟ್ರೇಲಿಯಾದಲ್ಲಿ ಜಮೀನು ತಗೊಂಡ ಕನ್ನಡದವರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಶಾರ್ಟ್‌ಹಾರ್ನ್ ಅಂದ್ರೆ ಯಾವ ದನ? ನೋಡೋಕೆ ಹೇಗಿರುತ್ತೆ?

ಹೆಸರೇ ಹೇಳುವಂತೆ ಗಿಡ್ಡ ಕೊಂಬಿನ ದನ. ಇಂಗ್ಲೆಂಡಿನ ತಳಿ. ಹಿಣಿಲಿಲ್ಲ, ಗಂಗೆದೊಗಲು ಕಡಿಮೆ, ಬೆನ್ನು ಮಣೆ ಇಟ್ಟ ಹಾಗೆ ಚಪ್ಪಟೆ. ಬಣ್ಣ ಕೆಂಪು, ಬಿಳಿ, ಇಲ್ಲವೇ ರೋನ್. ರೋನ್ ಅಂದರೆ ಕೆಂಪು ಕೂದಲಿನ ನಡುವೆ ಬಿಳಿ ಕೂದಲು ಬೆರೆತದ್ದು. ಕೆಂದ ಹಸುವಿನ ಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಬೆಳೆದ ಹಸು 600ರಿಂದ 800 ಕೆಜಿ ತೂಗುತ್ತದೆ. ಹೋರಿ ಸಾವಿರ ಕೆಜಿ ಮುಟ್ಟುವುದು ಮಾಮೂಲು. ನಮ್ಮ ಹಳ್ಳಿಕಾರ್ ಹೋರಿ ಪಕ್ಕದಲ್ಲಿ ನಿಂತರೆ ಒಂದು ಓಟಗಾರ, ಇನ್ನೊಂದು ಪೈಲ್ವಾನ ಅನ್ನಿಸುತ್ತದೆ.

ಈ ತಳಿ ಎಲ್ಲಿ ಹುಟ್ಟಿತು?

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೀಸ್ ನದಿಯ ಕಣಿವೆಯಲ್ಲಿ. ಅಲ್ಲಿನ ದೊಡ್ಡ ದನಗಳನ್ನು ಮೊದಲು ಟೀಸ್‌ವಾಟರ್, ಡರ್ಹಂ ಅಂತ ಕರೆಯುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಡಾರ್ಲಿಂಗ್ಟನ್ ಹತ್ತಿರದ ಇಬ್ಬರು ಅಣ್ಣತಮ್ಮಂದಿರು, ರಾಬರ್ಟ್ ಕಾಲಿಂಗ್ ಮತ್ತು ಚಾರ್ಲ್ಸ್ ಕಾಲಿಂಗ್, ಇವುಗಳಲ್ಲಿ ಒಳ್ಳೆಯವನ್ನು ಆರಿಸಿ ತಳಿ ಕಟ್ಟಿದರು. ರಾಬರ್ಟ್‌ದು ಬಾರ್ಂಪ್ಟನ್ ಫಾರ್ಮ್, ಚಾರ್ಲ್ಸ್‌ದು ಕೆಟನ್. ಕುರಿ ಮತ್ತು ದನದ ತಳಿ ಸುಧಾರಣೆಗೆ ಹೆಸರಾಗಿದ್ದ ಡಿಶ್ಲಿಯ ರಾಬರ್ಟ್ ಬೇಕ್‌ವೆಲ್ ಇವರಿಗೆ ಗುರುವಿನ ಹಾಗೆ.

ಚಾರ್ಲ್ಸ್ ಮನೆಯಲ್ಲಿ 1796ರಲ್ಲಿ ಹುಟ್ಟಿದ ಒಂದು ಎತ್ತು ಇಡೀ ದೇಶಕ್ಕೆ ಹೆಸರಾಯಿತು. ಅದು ಡರ್ಹಂ ಎತ್ತು. ಅದಕ್ಕಾಗಿಯೇ ಗಾಡಿ ಮಾಡಿಸಿ, ಊರಿಂದ ಊರಿಗೆ ಕರೆದುಕೊಂಡು ಹೋಗಿ, ದುಡ್ಡು ತಗೊಂಡು ತೋರಿಸುತ್ತಿದ್ದರು. ನಮ್ಮಲ್ಲಿ ಕೋಲೆ ಬಸವನನ್ನು ಮನೆಮನೆಗೆ ಕರೆತಂದ ಹಾಗೆ, ಆದರೆ ಇಡೀ ಬ್ರಿಟನ್ನಿಗೆ. ಸುಮಾರು ಆರು ವರ್ಷ ಹೀಗೆ ಸುತ್ತಿತು. 1807ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೊಂಟದ ಕೀಲು ತಪ್ಪಿತು, ವಾಸಿಯಾಗಲಿಲ್ಲ, ಕಡಿಯಬೇಕಾಯಿತು. ಇವತ್ತಿಗೂ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ಹೆಂಡದಂಗಡಿಗಳಿಗೆ 'ಡರ್ಹಂ ಆಕ್ಸ್' ಅಂತಲೇ ಹೆಸರು.

ಆಮೇಲೆ ಕಾಮೆಟ್ ಎಂಬ ಹೋರಿ. 1804ರಲ್ಲಿ ಹುಟ್ಟಿದ್ದು. 1810ರ ಕೆಟನ್ ಹರಾಜಿನಲ್ಲಿ 1000 ಗಿನಿಗೆ ಮಾರಾಟವಾಯಿತು. ಗಿನಿ ಅಂದರೆ ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ. ಅಷ್ಟು ಬೆಲೆ ಬಂದ ಮೊದಲ ಹೋರಿ ಅದೇ. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬಾತ ಈ ತಳಿಯ ವಂಶಾವಳಿ ಪುಸ್ತಕ ಅಚ್ಚು ಹಾಕಿಸಿದ. ದನದ ತಳಿಯೊಂದಕ್ಕೆ ಇಂಥ ಪುಸ್ತಕ ಬಂದದ್ದು ಪ್ರಪಂಚದಲ್ಲೇ ಅದು ಮೊದಲು.

ಒಂದೇ ರಕ್ತದಲ್ಲಿ ಕೂಡಿಸಿ ತಳಿ ಮಾಡಿದರಂತೆ, ನಿಜವಾ? ಅದು ಸರಿಯಾ?

ನಿಜ. ಕಾಮೆಟ್‌ನ ಅಪ್ಪ ಫೇವರಿಟ್ ಎಂಬ ಹೋರಿ. ಅವ್ವ ಯಂಗ್ ಫೀನಿಕ್ಸ್. ಆ ಯಂಗ್ ಫೀನಿಕ್ಸ್ ಯಾರು? ಅದೇ ಫೇವರಿಟ್‌ನ ಮಗಳು. ಅಷ್ಟೇ ಅಲ್ಲ, ಫೇವರಿಟ್‌ನನ್ನು ಅದರ ಸ್ವಂತ ತಾಯಿಗೇ ಕೂಡಿಸಿ ಹುಟ್ಟಿಸಿದ ಮಗಳು! ಮುಂದೆ 1920ರ ದಶಕದಲ್ಲಿ ಸೀವಾಲ್ ರೈಟ್ ಎಂಬ ಅಮೆರಿಕದ ತಳಿವಿಜ್ಞಾನಿ ಒಳಸಂಬಂಧ ಅಳೆಯುವ ಸೂತ್ರ ಕಂಡುಹಿಡಿದ. ಅದನ್ನು ಪ್ರಯೋಗಿಸಿ ನೋಡಿದ್ದೂ ಈ ಶಾರ್ಟ್‌ಹಾರ್ನ್ ಪುಸ್ತಕಗಳ ಮೇಲೇ. ಕಾಮೆಟ್‌ಗೆ ಬಂದ ಲೆಕ್ಕ ಶೇ. 47. ಅಣ್ಣ ತಂಗಿಯನ್ನು ಒಂದು ಸಲ ಕೂಡಿಸಿದರೆ ಬರುವುದು ಶೇ. 25 ಅಂದಮೇಲೆ ನೀವೇ ಊಹಿಸಿ.

ಒಳ್ಳೆಯ ಗುಣ ಗಟ್ಟಿಯಾಗಿ ನಿಲ್ಲಲಿ ಅಂತ ಹಾಗೆ ಮಾಡಿದರು. ನಿಂತಿತು ಕೂಡ. ಆದರೆ ಅದರ ಬೆಲೆಯನ್ನು ಮುಂದಿನ ತಲೆಮಾರು ಕೊಟ್ಟಿತು. ಥಾಮಸ್ ಬೇಟ್ಸ್ ಎಂಬಾತ 'ಡಚೆಸ್' ಎಂಬ ಒಂದೇ ಮನೆತನದ ಹಸುಗಳನ್ನು ಹಿಡಿದುಕೊಂಡು ಹತ್ತಾರು ವರ್ಷ ಬೆಳೆಸಿದ. ಹಸು ಚೆಂದ, ಹಾಲು ಚೆಂದ, ಆದರೆ ಗಬ್ಬ ನಿಲ್ಲುವುದೇ ಕಡಿಮೆಯಾಯಿತು. ಕಡಿಮೆಯಾದಷ್ಟೂ ಜನಕ್ಕೆ ಹುಚ್ಚು ಜಾಸ್ತಿ. 1873ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಮಿಲ್ಸ್ ಹರಾಜಿನಲ್ಲಿ ಈ ಮನೆತನದ ಒಂದು ಹಸು 40,600 ಡಾಲರಿಗೆ ಹೋಯಿತು. ಅದೇ ತಿಂಗಳು ಅಲ್ಲಿನ ಬ್ಯಾಂಕುಗಳು ಕುಸಿದವು.

ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಸುಳಿ ನೋಡಿ ಬೆಲೆ ಕಟ್ಟುತ್ತಾರಲ್ವಾ, ಇಲ್ಲಿ ಆ ಜಾಗದಲ್ಲಿ ವಂಶಾವಳಿಯ ಕಾಗದ ಇತ್ತು. ಸುಳಿಯೂ ಕರು ಹಾಕುವುದಿಲ್ಲ, ಕಾಗದವೂ ಹಾಕುವುದಿಲ್ಲ. ನಾವು ಹೋರಿ ತರುವಾಗ ನಾಲ್ಕು ತಲೆಮಾರು ಹಿಂದಕ್ಕೆ ನೋಡುತ್ತೇವೆ. ಎರಡೂ ಕಡೆ ಒಂದೇ ಹೆಸರು ಹತ್ತಿರದಲ್ಲಿ ಸಿಕ್ಕರೆ ಆ ಹೋರಿ ಬೇಡ.

ಶಾರ್ಟ್‌ಹಾರ್ನ್ ಹಾಲಿನ ತಳಿಯಾ, ಮಾಂಸದ ತಳಿಯಾ?

ಎರಡೂ. ಬೇಟ್ಸ್ ಹಾಲಿನ ಕಡೆ ಒಲಿದ, ಯಾರ್ಕ್‌ಶೈರ್‌ನ ಬೂತ್ ಮನೆತನ ಮಾಂಸದ ಕಡೆ. ಆಮೇಲೆ ಇಲ್ಲೇ ಅಬರ್ಡೀನ್‌ಶೈರ್‌ನ ಸಿಟಿಟನ್‌ನಲ್ಲಿ ಅಮೋಸ್ ಕ್ರುಕ್‌ಶಾಂಕ್ ಎಂಬ ರೈತ ಗಿಡ್ಡ ಕಾಲಿನ, ಬೇಗ ಕೊಬ್ಬುವ, ಚಳಿ ತಡೆಯುವ ಸ್ಕಾಟಿಷ್ ಮಾದರಿ ಕಟ್ಟಿದ. ಅವನ 'ಚಾಂಪಿಯನ್ ಆಫ್ ಇಂಗ್ಲೆಂಡ್' ಎಂಬ ಹೋರಿ 1859ರಲ್ಲಿ ಹುಟ್ಟಿದ್ದು. ನಾನು ಇಲ್ಲಿ ಬರೆಯುತ್ತಿರುವುದು ಮಾಂಸದ ಶಾರ್ಟ್‌ಹಾರ್ನ್ ಬಗ್ಗೆ. ಡೈರಿ ಶಾರ್ಟ್‌ಹಾರ್ನ್ ಬೇರೆಯೇ ಕತೆ.

ರೋನ್ ಬಣ್ಣದ ಕರು ಬೇಕು ಅಂದ್ರೆ ಏನು ಮಾಡಬೇಕು?

ಇದು ಬಹಳ ಸರಳ. ಕೆಂಪಿನ ಗುಣವೂ ಬಿಳಿಯ ಗುಣವೂ ಒಂದರ ಮುಂದೆ ಇನ್ನೊಂದು ತಲೆ ಬಾಗುವುದಿಲ್ಲ, ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕೆಂಪು ಹೋರಿ, ಬಿಳಿ ಹಸು ಕೂಡಿಸಿದರೆ ಎಲ್ಲ ಕರುವೂ ರೋನ್. ರೋನ್‌ಗೆ ರೋನ್ ಕೂಡಿಸಿದರೆ ಕಾಲು ಭಾಗ ಕೆಂಪು, ಅರ್ಧ ರೋನ್, ಕಾಲು ಭಾಗ ಬಿಳಿ. ಇದು ಸರಾಸರಿ ಲೆಕ್ಕ. ಒಂದೊಂದು ವರ್ಷ ಸಾಲಾಗಿ ಕೆಂಪೇ ಬೀಳುತ್ತವೆ.

ಬಿಳಿ ಮಣಕಗಳ, ಅಂದರೆ ಇನ್ನೂ ಕರು ಹಾಕದ ಎಳೆ ಹಸುಗಳ ಬಗ್ಗೆ ಒಂದು ಎಚ್ಚರಿಕೆ. ಕೆಲವು ಬಿಳಿ ಮಣಕಗಳಲ್ಲಿ ಗರ್ಭಕೋಶದ ದಾರಿ ಪೂರ್ತಿ ಬೆಳೆದಿರುವುದಿಲ್ಲ. ಬೆದೆಗೆ ಬರುತ್ತವೆ, ಗಬ್ಬ ಆಗುವುದಿಲ್ಲ. ಇದಕ್ಕೆ ಬಿಳಿ ಮಣಕದ ಕಾಯಿಲೆ ಅಂತಲೇ ಹೆಸರು. ಹೋರಿಗೆ ಬಿಡುವ ಮೊದಲು ಡಾಕ್ಟರ ಕೈಲಿ ಒಳಗೆ ಪರೀಕ್ಷೆ ಮಾಡಿಸಿ.

ಬಣ್ಣದಿಂದಲೇ ಹೊಸ ತಳಿ ಹುಟ್ಟಿದ ಕತೆಯೂ ಇದೆ. ಆಸ್ಟ್ರೇಲಿಯಾದ ಮರ್ರೆ ನದಿಯ ಮೇಲ್ಭಾಗದಲ್ಲಿ ಥಾಲೊಗೊಲಾಂಗ್ ಎಂಬ ಜಮೀನು. 1905ರಲ್ಲಿ ಅಲ್ಲಿ ಒಂದು ತಿಳಿ ರೋನ್ ಶಾರ್ಟ್‌ಹಾರ್ನ್ ಹಸು ಕರಿ ಆಂಗಸ್ ಹೋರಿಗೆ ಬೂದು ಬಣ್ಣದ ಕರು ಹಾಕಿತು. ಆಮೇಲೂ ಅದು ಬೂದು ಕರುಗಳನ್ನೇ ಹಾಕುತ್ತಾ ಹೋಯಿತು. ಯಜಮಾನನಿಗೆ ಅವು ಬೇಡವಾಗಿದ್ದವು, ಹೆಂಡತಿ ಇಷ್ಟಪಟ್ಟು ಉಳಿಸಿಕೊಂಡಳು. ಇವತ್ತಿನ ಮರ್ರೆ ಗ್ರೇ ತಳಿ ಅಲ್ಲಿಂದ ಬಂದದ್ದು.

ಬೀಜದ ಹೋರಿ ಆರಿಸುವುದು ಹೇಗೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹಸು ಕೆಟ್ಟರೆ ವರ್ಷಕ್ಕೆ ಒಂದು ಕರು ಹೋಗುತ್ತದೆ. ಹೋರಿ ಕೆಟ್ಟರೆ ಇಡೀ ಮಂದೆಯ ಒಂದು ವರ್ಷ ಹೋಗುತ್ತದೆ. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಒಂದು ಹೋರಿ ತಂದೆವು. ಪ್ರದರ್ಶನದಲ್ಲಿ ಗೆದ್ದದ್ದು. ಕಡು ಕೆಂಪು, ಮೈ ಮೇಲೆ ನೀರು ಹಾಕಿದರೆ ಜಾರಿ ಹೋಗುವಷ್ಟು ನುಣುಪು. ಮಾರಿದವರು ವೀರ್ಯ ಪರೀಕ್ಷೆ ಆಗಿದೆ ಅಂದರು, ನಾವು ಕಾಗದ ಕೇಳಲಿಲ್ಲ. 26 ಹಸುಗಳ ಜೊತೆ ಬಿಟ್ಟೆವು. ಹೋರಿ ಹತ್ತುತ್ತಿತ್ತು, ನಾವು ಖುಷಿಯಾಗಿದ್ದೆವು. ಮೂರು ವಾರ ಆದ ಮೇಲೆ ಅವೇ ಹಸುಗಳು ಮತ್ತೆ ಬೆದೆಗೆ ಬಂದವು. ಆಗಲೇ ಗಮನಿಸಬೇಕಿತ್ತು. ಸ್ಕ್ಯಾನ್ ಮಾಡಿಸಿದ ದಿನ ಡಾಕ್ಟರು 'ಖಾಲಿ, ಖಾಲಿ' ಅಂತ ಹೇಳುತ್ತಾ ಹೋದದ್ದು ಇನ್ನೂ ಕಿವಿಯಲ್ಲಿದೆ. ಗಬ್ಬ ನಿಂತದ್ದು 11 ಮಾತ್ರ.

ಅಂದಿನಿಂದ ನಾವು ನೋಡುವ ಕ್ರಮ ಇದು. ಮೊದಲು ನಡೆಸಿ ನೋಡುತ್ತೇವೆ, ಗಟ್ಟಿ ನೆಲದ ಮೇಲೆ. ಮುಂಗಾಲು ಇಟ್ಟ ಗುರುತಿನ ಮೇಲೇ ಹಿಂಗಾಲು ಬೀಳಬೇಕು. ಗೊರಸಿನ ಎರಡು ಸೀಳೂ ಸಮ ಇರಬೇಕು, ಕತ್ತರಿ ಹಾಗೆ ಒಂದರ ಮೇಲೊಂದು ಏರಿರಬಾರದು. ಆಮೇಲೆ ಬೀಜದ ಚೀಲಕ್ಕೆ ಟೇಪು ಹಾಕಿ ಅಳೆಯುತ್ತೇವೆ. 15 ತಿಂಗಳ ಹೋರಿಗೆ ಸುತ್ತಳತೆ 30 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಮಾತೇ ಇಲ್ಲ. ಎರಡು ವರ್ಷ ದಾಟಿದ್ದರೆ 34 ಇರಬೇಕು. ನಂತರ ವೀರ್ಯ ಪರೀಕ್ಷೆ, ನಮ್ಮ ಡಾಕ್ಟರಿಂದಲೇ, ನಮ್ಮ ಕಣ್ಣೆದುರೇ. ಶೇ. 70ರಷ್ಟು ವೀರ್ಯಾಣುಗಳ ಆಕಾರ ಸರಿ ಇರಬೇಕು. ಪ್ರತಿ ವರ್ಷ ಬಿಡುವ ಮೊದಲೂ ಮತ್ತೆ ಮಾಡಿಸುತ್ತೇವೆ, ಏಕೆಂದರೆ ಜ್ವರ ಬಂದು ಹೋದ ಹೋರಿಗೆ ಹೊಸ ವೀರ್ಯ ತಯಾರಾಗಲು ಎರಡು ತಿಂಗಳು ಬೇಕು.

ಕೊನೆಗೆ ಅದರ ಅವ್ವನನ್ನು ನೋಡಬೇಕು. ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಿದೆಯಾ, ಮೊಲೆ ಕರುವಿನ ಬಾಯಿಗೆ ಸಿಗುವ ಗಾತ್ರದ್ದಾ, ವರ್ಷಕ್ಕೊಂದು ಕರು ಹಾಕಿದೆಯಾ? ಹೋರಿಯ ಹೆಣ್ಣುಕರುಗಳಿಗೆ ಆ ಕೆಚ್ಚಲೇ ಬರುವುದು.

ಜಾಸ್ತಿ ಮೇಯಿಸಿ ಉಬ್ಬಿಸಿದ ಹೋರಿ ಬೇಡವೇ ಬೇಡ. ಹುಲ್ಲಿಗೆ ಬಿಟ್ಟ ಒಂದೇ ತಿಂಗಳಲ್ಲಿ ಬೆಣ್ಣೆ ಹಾಗೆ ಕರಗಿ ಹೋಗುತ್ತದೆ.

ಒಂದು ಹೋರಿಗೆ ಎಷ್ಟು ಹಸು?

ಮೊದಲ ವರ್ಷದ ಎಳೆ ಹೋರಿಗೆ 15ರಿಂದ 20. ಬೆಳೆದದ್ದಕ್ಕೆ 30, ಗಟ್ಟಿ ಇದ್ದರೆ 40. ಒಂಬತ್ತು ವಾರಕ್ಕಿಂತ ಜಾಸ್ತಿ ಬಿಡಬೇಡಿ. ಅಷ್ಟರಲ್ಲಿ ಮೂರು ಬೆದೆ ಆಗುತ್ತದೆ. ಅದರಲ್ಲೂ ಗಬ್ಬ ನಿಲ್ಲದ ಹಸುವನ್ನು ಮಂದೆಯಲ್ಲಿ ಇಟ್ಟುಕೊಳ್ಳಬಾರದು, ಅದು ಎಷ್ಟೇ ಮುದ್ದಿನದಾದರೂ.

ಮಣಕವನ್ನು ಯಾವಾಗ ಹೋರಿಗೆ ಬಿಡಬೇಕು?

15 ತಿಂಗಳಿಗೆ, ಎರಡು ವರ್ಷಕ್ಕೆ ಕರು ಹಾಕುವ ಹಾಗೆ. ಆದರೆ ವಯಸ್ಸಿಗಿಂತ ತೂಕ ಮುಖ್ಯ. ಬೆಳೆದ ಹಸುವಿನ ತೂಕದ ಶೇ. 65 ಬಂದಿರಬೇಕು. 650 ಕೆಜಿಯ ತಾಯಿಯ ಮಗಳಾದರೆ ಸುಮಾರು 420. ಇನ್ನೂ ಬಂದಿಲ್ಲವಾದರೆ ಕಾಯಿರಿ.

ಜೀನ್ ಪರೀಕ್ಷೆ ಯಾಕೆ ಮಾಡಿಸಬೇಕು?

ಈ ತಳಿಯಲ್ಲಿ ಟಿಬಿಯಲ್ ಹೆಮಿಮೀಲಿಯಾ ಎಂಬ ದೋಷ ಇದೆ. ಸುಮ್ನೆ ಟಿ.ಎಚ್. ಅನ್ನುತ್ತಾರೆ. ಅಂಥ ಕರು ಹಿಂಗಾಲು ತಿರುಚಿಕೊಂಡು ಹುಟ್ಟುತ್ತದೆ, ಎದ್ದು ನಿಲ್ಲಲಾರದು, ಬದುಕುವುದಿಲ್ಲ. ಆ ದೋಷದ ಜೀನಿನ ಒಂದೇ ಪ್ರತಿ ಇರುವ ದನ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅಂಥ ಎರಡು ಸೇರಿದರೆ ನಾಲ್ಕರಲ್ಲಿ ಒಂದು ಕರು ಹೀಗೆ. ಕೂದಲಿನ ಬೇರು ಕಿತ್ತು ಕಳಿಸಿದರೆ ಪ್ರಯೋಗಾಲಯ ಹೇಳುತ್ತದೆ. ಹೋರಿಗಂತೂ ಮಾಡಿಸದೆ ಬಿಡಬೇಡಿ.

ಕರು ಹಾಕುವ ಹೊತ್ತಿಗೆ ಏನು ನೋಡಿಕೊಳ್ಳಬೇಕು?

ಗಬ್ಬದ ಅವಧಿ ಸುಮಾರು 283 ದಿನ. ಶಾರ್ಟ್‌ಹಾರ್ನ್ ಹಸು ಸಾಮಾನ್ಯವಾಗಿ ತಾನೇ ಈಯುತ್ತದೆ, ಜನ ಇದನ್ನು ಇಷ್ಟಪಡುವುದಕ್ಕೆ ಅದೂ ಒಂದು ಕಾರಣ. ಹಸು ಜಾಸ್ತಿ ಕೊಬ್ಬಿದ್ದರೆ ಮಾತ್ರ ತೊಂದರೆ. ಐದಕ್ಕೆ ಅಂಕ ಕೊಡುವ ಮೈಕಟ್ಟಿನ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ಇರಬೇಕು. ಸೊಂಟದ ಮೂಳೆ ಕೈಗೆ ಸಿಗಬೇಕು, ಕಣ್ಣಿಗೆ ಚುಚ್ಚಬಾರದು.

ಮಾರ್ಚ್ ತಿಂಗಳ ರಾತ್ರಿ ಎರಡು ಗಂಟೆಗೆ ಕೊಟ್ಟಿಗೆಗೆ ಹೋಗುತ್ತೇನೆ. ಹೊರಗೆ ಹಿಮ. ಒಳಗೆ ಬಾರ್ಲಿ ಹುಲ್ಲಿನ ವಾಸನೆ, ದನದ ಉಸಿರಿನ ಹಬೆ. ಈಯುವ ಹಸು ಮೂಲೆಯಲ್ಲಿ ಒಂಟಿಯಾಗಿ ನಿಂತಿರುತ್ತದೆ, ಬಾಲ ಓರೆ ಮಾಡಿಕೊಂಡು. ನೀರು ಚೀಲ ಒಡೆದ ಮೇಲೆ ಎರಡು ಮುಂಗಾಲು, ಅದರ ಮೇಲೆ ಮೂತಿ ಕಾಣಬೇಕು. ಗೊರಸಿನ ಅಂಗಾಲು ಕೆಳಮುಖವಾಗಿದ್ದರೆ ಸಾಮಾನ್ಯವಾಗಿ ಮುಂಗಾಲು, ಸರಿ ಇದೆ. ಮೇಲ್ಮುಖವಾಗಿದ್ದರೆ ಬಹುಶಃ ಹಿಂಗಾಲು, ಡಾಕ್ಟರಿಗೆ ಫೋನ್ ಮಾಡಿ. ಒಂದು ಗಂಟೆ ಕಳೆದರೂ ಏನೂ ಮುಂದುವರಿಯದಿದ್ದರೆ ನಾವು ಕೈ ತೊಳೆದು ಒಳಗೆ ಹಾಕಿ ನೋಡುತ್ತೇವೆ. ಎಳೆಯುವುದಾದರೆ ಹಸು ತಿಣುಕುವಾಗ ಮಾತ್ರ ಎಳೆಯಿರಿ.

ಈಗ ಗಿಣ್ಣು ಹಾಲು. ನಮ್ಮ ಕಡೆ ಕಸ, ಅಂದರೆ ಮಾಸು, ಬೀಳುವ ತನಕ ಕರುಗೆ ಹಾಲು ಬಿಡಬಾರದು ಅನ್ನುತ್ತಾರೆ. ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು. ದಯವಿಟ್ಟು ಆ ಮಾತು ಬಿಟ್ಟುಬಿಡಿ. ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದೇ ಇಲ್ಲ ಅನ್ನಬಹುದು. ಅದು ಬರುವುದು ಗಿಣ್ಣಿನಿಂದ. ಕರುವಿನ ಕರುಳು ಅದನ್ನು ಹೀರಿಕೊಳ್ಳುವ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬರುತ್ತದೆ, 24 ಗಂಟೆಗೆ ಪೂರ್ತಿ ಮುಚ್ಚುತ್ತದೆ. ಮೊದಲ 6 ಗಂಟೆಯಲ್ಲಿ 3ರಿಂದ 4 ಲೀಟರ್ ಹೊಟ್ಟೆಗೆ ಹೋಗಬೇಕು. ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು. ಗಿಣ್ಣು ಮಾಡಿ ತಿನ್ನುವ ಆಸೆ ನನಗೂ ಇದೆ, ಏಲಕ್ಕಿ ಬೆಲ್ಲ ಹಾಕಿ. ಕರುವಿನ ಹೊಟ್ಟೆ ತುಂಬಿದ ಮೇಲೆ ಉಳಿದರೆ ಮಾಡಿ.

ಮೇವು ಏನು ಕೊಡುತ್ತೀರಿ?

ಬೇಸಿಗೆಯಲ್ಲಿ ಬರೀ ಹುಲ್ಲು. ನವೆಂಬರ್‌ನಿಂದ ಏಪ್ರಿಲ್ ತನಕ ಕೊಟ್ಟಿಗೆಯಲ್ಲಿ ರಸಮೇವು (ಸೈಲೇಜ್), ಬಾರ್ಲಿ ಹುಲ್ಲು, ಕೆಲವರು ಟರ್ನಿಪ್ ಗೆಡ್ಡೆ. ಹಿಂಡಿ ಬಹಳ ಕಡಿಮೆ. ಒರಟು ಮೇವಿನಲ್ಲಿ ಮೈ ಹಿಡಿಯುವುದೇ ಈ ತಳಿಯ ದೊಡ್ಡ ಗುಣ.

ವಸಂತದಲ್ಲಿ ಒಂದು ಅಪಾಯ ಇದೆ. ಎಳೆ ಹುಲ್ಲಿನಲ್ಲಿ ಮೆಗ್ನೀಸಿಯಂ ಕಡಿಮೆ. ಹಾಲು ಕೊಡುವ ಹಸು ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ನಡುಗಿ, ತೂರಾಡಿ ಬಿದ್ದು ಸಾಯಬಹುದು. ಆ ಹೊತ್ತಿನಲ್ಲಿ ಹಸುವಿಗೆ ದಿನಕ್ಕೆ 60 ಗ್ರಾಂ ಸುಟ್ಟ ಮ್ಯಾಗ್ನಸೈಟ್ ಪುಡಿ ಸೇರುವ ಹಾಗೆ ನೋಡಿಕೊಳ್ಳುತ್ತೇವೆ.

ಕೊಂಬು, ಬೀಜ, ಕಿವಿ ಓಲೆ?

ಬ್ರಿಟನ್ನಿನಲ್ಲಿ ಇವಕ್ಕೆಲ್ಲ ಕಾನೂನು ಇದೆ. ಮಾಂಸದ ಕರುಗೆ 20 ದಿನದೊಳಗೆ ಎರಡು ಕಿವಿಗೂ ಗುರುತಿನ ಓಲೆ, 27 ದಿನದೊಳಗೆ ಪಾಸ್‌ಪೋರ್ಟಿಗೆ ಅರ್ಜಿ. ಹೌದು, ದನಕ್ಕೂ ಪಾಸ್‌ಪೋರ್ಟ್! ರಬ್ಬರ್ ಉಂಗುರ ಹಾಕಿ ಬೀಜ ಕಟ್ಟುವುದಾದರೆ ಮೊದಲ ವಾರದಲ್ಲೇ. ಎರಡು ತಿಂಗಳು ದಾಟಿದರೆ ಡಾಕ್ಟರೇ ಅರಿವಳಿಕೆ ಕೊಟ್ಟು ಮಾಡಬೇಕು. ಕೊಂಬಿನ ಮೊಳಕೆ ಸುಡುವಾಗಲೂ ಅರಿವಳಿಕೆ ಬೇಕೇ ಬೇಕು. ಆ ನೋವೇ ಬೇಡ ಅಂದರೆ ಬೋಳು ತಲೆಯ ಹೋರಿ ತನ್ನಿ. ಕೊಂಬಿಲ್ಲದ ಗುಣದ್ದೇ ಮೇಲುಗೈ, ಎರಡೂ ಪ್ರತಿ ಇರುವ ಹೋರಿಯ ಕರುಗಳಿಗೆ ಕೊಂಬು ಬರುವುದಿಲ್ಲ.

ಈ ತಳಿಗೂ ನಮ್ಮ ನಾಡಿನ ದನಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ನನಗೆ ಬಹಳ ಖುಷಿ ಕೊಡುವ ಸಂಬಂಧ. ಅಮೆರಿಕದ ಟೆಕ್ಸಾಸ್‌ನಲ್ಲಿ ಕಿಂಗ್ ರ‍್ಯಾಂಚ್ ಎಂಬ ದೊಡ್ಡ ಜಮೀನು. ಅಲ್ಲಿನ ಬಿಸಿಲು ಮತ್ತು ಉಣ್ಣೆಯ ಕಾಟ ಶಾರ್ಟ್‌ಹಾರ್ನ್‌ಗೆ ತಡೆಯಲಿಲ್ಲ. ಬ್ರಾಹ್ಮನ್ ಹೋರಿಗಳನ್ನು ತಂದು ಕೂಡಿಸಿದರು. 1920ರಲ್ಲಿ ಮಂಕಿ ಎಂಬ ಹೋರಿ ಹುಟ್ಟಿತು. ಅದರ ಸಂತಾನವೇ ಸಾಂಟಾ ಗರ್ಟ್ರುಡಿಸ್ ತಳಿ. ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್. 1940ರಲ್ಲಿ ಅದಕ್ಕೆ ಬೇರೆ ತಳಿ ಅಂತ ಮಾನ್ಯತೆ ಸಿಕ್ಕಿತು.

ಆ ಬ್ರಾಹ್ಮನ್ ಯಾವುದು? ಭಾರತದಿಂದ ಹೋದ ಓಂಗೋಲ್, ಕಾಂಕ್ರೇಜ್, ಗಿರ್ ಜೊತೆಗೆ ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ರಕ್ತವೂ ಸೇರಿ ಆದದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆ ಹೊಲ ಉಳುತ್ತಿದ್ದ ಎತ್ತುಗಳ ತಳಿ. ಅಲ್ಲಿ ಪರದೇಶದಲ್ಲಿ ಅದರ ರಕ್ತ ಬೆಲೆ ಬಾಳುತ್ತದೆ, ತವರಲ್ಲಿ ಆ ದನವೇ ಅಪರೂಪವಾಗುತ್ತಿದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಹಾಗಾದ್ರೆ ಕರ್ನಾಟಕದಲ್ಲಿ ಶಾರ್ಟ್‌ಹಾರ್ನ್ ಸಾಕಬಹುದಾ?

ಬೇಡ. ದಪ್ಪ ಕೂದಲಿನ ಚಳಿ ದೇಶದ ದನ, ನಮ್ಮ ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಣ್ಣೆ ಜ್ವರಕ್ಕೆ ಬೇಗ ಬಲಿಯಾಗುತ್ತದೆ. ಮಾಂಸಕ್ಕೆ ಅಂತ ಸಾಕುವುದಂತೂ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಪ್ರಕಾರ ಆಗುವ ಮಾತಲ್ಲ. ಆಸೆ ಇದ್ದರೆ ಒಂದು ಜೋಡಿ ಹಳ್ಳಿಕಾರ್ ಅಥವಾ ಕೃಷ್ಣಾ ವ್ಯಾಲಿ ಕಟ್ಟಿ. ಇಲ್ಲಿ ಬರೆದ ಹೋರಿ ಆರಿಸುವ ಕ್ರಮ, ಗಿಣ್ಣಿನ ಲೆಕ್ಕ ಅವಕ್ಕೂ ಉಪಯೋಗಕ್ಕೆ ಬರುತ್ತವೆ.

ಸಾಕಿದ ದನವನ್ನು ಕಡಿಯಲು ಕಳಿಸುವಾಗ ಮನಸ್ಸಿಗೆ ಏನೂ ಅನ್ಸಲ್ವಾ?

ಅನ್ನಿಸುತ್ತದೆ. ನಮ್ಮಮ್ಮನಿಗೆ ನಾನು ಈ ಕೆಲಸದಲ್ಲಿರುವುದು ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಅವಳ ಜೊತೆ ನಾನು ವಾದ ಮಾಡುವುದಿಲ್ಲ. ಎರಡು ವರ್ಷ ದಿನಾ ಮುಖ ನೋಡಿದ ಎತ್ತುಗಳು ಅವು. ಲಾರಿ ಬರುವ ದಿನ ನಾನೇ ಮುಂದೆ ನಿಂತು ನಿಧಾನವಾಗಿ ಹತ್ತಿಸುತ್ತೇನೆ. ಕೋಲು ಎತ್ತಲು ಬಿಡುವುದಿಲ್ಲ, ಕೂಗಾಡಲು ಬಿಡುವುದಿಲ್ಲ. ಗುರುತಿನ ದನಿ ಕೇಳಿದರೆ ಅವು ಗಾಬರಿಯಾಗದೆ ಹತ್ತುತ್ತವೆ. ಅಷ್ಟು ನನ್ನ ಕೈಲಿದೆ, ಅದನ್ನು ಮಾಡುತ್ತೇನೆ.

ಇಲ್ಲಿ ಅಥವಾ ಆಸ್ಟ್ರೇಲಿಯಾದಲ್ಲಿ ಜಮೀನು ಇದೆ. ಎಷ್ಟು ದನದಿಂದ ಶುರು ಮಾಡಲಿ?

ನಾಲ್ಕೈದು ಗಬ್ಬದ ಹಸು ಸಾಕು. ಎರಡನೆಯದೋ ಮೂರನೆಯದೋ ಕರು ಹಾಕುವಂಥವು, ಅವಕ್ಕೆ ಈಯುವುದು ಗೊತ್ತಿರುತ್ತದೆ, ನಿಮಗೆ ಕಲಿಸುತ್ತವೆ. ಹೋರಿ ಈಗಲೇ ಬೇಡ, ಕೃತಕ ಗರ್ಭಧಾರಣೆ ಮಾಡಿಸಿ. ಸ್ಕ್ಯಾನ್ ಚೀಟಿ, ಬಿ.ವಿ.ಡಿ. ಎಂಬ ವೈರಸ್ ರೋಗ ಮತ್ತು ಜೋನ್ಸ್ ಎಂಬ ಕರುಳಿನ ರೋಗದ ಪರೀಕ್ಷೆಯ ಕಾಗದ ಕೇಳಿ ತಗೊಳ್ಳಿ. ತಂದ ಮೇಲೆ ಮೂರ್ನಾಲ್ಕು ವಾರ ಬೇರೆ ಕಟ್ಟಿ. ನೋಡಲು ಹೋಗುವಾಗ ಮಳೆ ಬರುವ ದಿನ ಹೋಗಿ. ಬಿಸಿಲಲ್ಲಿ ಎಲ್ಲ ದನವೂ ಚೆಂದ ಕಾಣುತ್ತದೆ. ಕೆಸರಿನಲ್ಲಿ ನಡೆಸಿದಾಗ ಕಾಲು ಎಂಥದ್ದು ಅಂತ ಗೊತ್ತಾಗುತ್ತದೆ.